ಮಾಳಿಗೆ ಮೇಲೆ ಔಷಧಿ ಬ್ಯಾಡ

ಅಂಜನಕುಮಾರ ಔಷಧಿ ಹೊಡೆಯುವವನನ್ನು ಮೊದಲ ಸಲ ಕರೆದುಕೊಂಡು ಬಂದಾಗ ರೇವತಿ ಡ್ಯೂಟಿಗೆ ಹೊರಟಿದ್ದಳು. ಖಾಕಿ ಸಮವಸ್ತ್ರ ತೊಟ್ಟು, ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದವಳಿಗೆ ಅವರು ಅರ್ಧ ದಾರಿಯಲ್ಲಿ ಎದುರಾದರು. ಮುಂದೆ ಮನೆ ಮಾಲೀಕ ಅಂಜನಕುಮಾರ, ಹಿಂದೆ ಬೆನ್ನಿಗೆ ಸ್ಪ್ರೇ ಪಂಪು ಏರಿಸಿಕೊಂಡ ನಿಂಗರಾಜ್.

"ಎಲ್ಲಿಗೆ ಅಣ್ಣಾರೆ?" ರೇವತಿ ಕೇಳಿದಳು.

"ಮಾಳಿಗೆ ಮೇಲಕ್ಕೆ. ನಿನ್ನ ಗಿಡಕ್ಕೆ ಔಷಧಿ ಹೊಡಸ್ತೀನಿ. ನೀನೇನೂ ಮಾಡಾದು ಬ್ಯಾಡಮ್ಮ, ಡ್ಯೂಟಿಗೆ ಹೋಗು."

ರೇವತಿ ಹೋಗಲಿಲ್ಲ. ಒಂದು ಕೈ ಕಂಬಿಗೆ, ಇನ್ನೊಂದು ಕೈ ಗೋಡೆಗೆ ಕೊಟ್ಟು ಅಲ್ಲೇ ನಿಂತಳು. ದಾವಣಗೆರೆಗೂ ಹರಿಹರಕ್ಕೂ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಅವಳು ಕಂಡಕ್ಟರ್. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಜನರ ನಡುವೆ ದಾರಿ ಮಾಡಿಕೊಳ್ಳುವುದು ಅವಳಿಗೆ ಗೊತ್ತಿತ್ತು, ದಾರಿ ಕಟ್ಟಿ ನಿಲ್ಲುವುದೂ ಗೊತ್ತಿತ್ತು.

"ಔಷಧಿ ಬ್ಯಾಡ," ಅಂದಳು.

"ಬ್ಯಾಡ ಅಂದ್ರೆ ಹೆಂಗೆ? ಬಾ ಇಲ್ಲಿ, ನನ್ನ ದಾಸವಾಳ ನೋಡು. ಹತ್ತಿ ಮೆತ್ತಿದಂಗೆ ಆಗೇತೆ. ಇದೆಲ್ಲ ನಿನ್ನ ಮೇಲಿಂದಾನೇ ಇಳಿದು ಬಂದಿದ್ದು."

ಅದು ಸುಳ್ಳಾಗಿರಲಿಲ್ಲ. ಅಥವಾ ಪೂರ್ತಿ ಸುಳ್ಳಾಗಿರಲಿಲ್ಲ. ಬೇಸಿಗೆ ಏರುತ್ತಿದ್ದಂತೆ ತಾರಸಿಯ ಬದನೆ ಗಿಡಗಳ ಕುಡಿಗಳಲ್ಲಿ, ಎಲೆಯ ತೊಟ್ಟಿನ ಸಂದಿಯಲ್ಲಿ, ಬಿಳಿ ಹಿಟ್ಟು ಉದುರಿಸಿದಂತೆ ಹಿಟ್ಟುತಿಗಣೆ ಕಾಣಿಸಿಕೊಂಡಿತ್ತು. ಗೇಟಿನ ಪಕ್ಕದಲ್ಲಿದ್ದ ಅಂಜನಕುಮಾರನ ದಾಸವಾಳಕ್ಕೂ ಅದೇ ಹತ್ತಿತ್ತು. ಮೇಲಿನಿಂದ ಕೆಳಗೆ ಬಂತೋ, ಕೆಳಗಿನಿಂದ ಮೇಲಕ್ಕೆ ಹೋಯಿತೋ ಹೇಳುವವರು ಯಾರೂ ಇರಲಿಲ್ಲ. ಆದರೆ ಆ ದಾಸವಾಳ ಅವನಿಗೆ ತನ್ನ ಹಾರ್ಡ್‌ವೇರ್ ಅಂಗಡಿಯಷ್ಟೇ ಮುಖ್ಯ. ದಿನಾ ಬೆಳಿಗ್ಗೆ ಅದರದೇ ಹೂವು ಕಿತ್ತು ಅಂಗಡಿಯ ದೇವರ ಪಟಕ್ಕೆ ಏರಿಸುತ್ತಿದ್ದ. ಈಗ ಮೊಗ್ಗು ಬಿರಿಯುವ ಮೊದಲೇ ಮುರುಟಿ ಉದುರುತ್ತಿತ್ತು. ಅವನ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ.

"ನಿಮ್ಮ ಗಿಡಾನೂ ನಾನೇ ತೊಳಕೊಡ್ತೀನಿ ಅಣ್ಣಾರೆ. ಆದ್ರೆ ಈ ಪಂಪು ಮಾಳಿಗೆ ಮೇಲೆ ಬರಬಾರದು. ಅಲ್ಲಿ ಬೆಳೆಯೋದನ್ನ ಕಿತ್ತು ಸೀದಾ ಬಾಣಲಿಗೆ ಹಾಕ್ತೀವಿ ನಾವು."

"ನನ್ನ ಗಿಡ ಮುಟ್ಟಬ್ಯಾಡ ನೀನು. ಮುಂದಿನ ಭಾನುವಾರದ ತನಕ ನೋಡ್ತೀನಿ. ಅಷ್ಟರಾಗೆ ಹುಳ ಹೋಗಿರಬೇಕು. ಇಲ್ಲಾಂದ್ರೆ ಕುಂಡ ಎಲ್ಲಾ ಇಳಿಸಬೇಕು. ಮನೆ ನಂದು."

"ಮನೆ ನಿಮ್ದೇ. ಯಾರು ಅಲ್ಲ ಅಂದ್ರು," ಅಂದ ರೇವತಿ ಅವರಿಬ್ಬರೂ ಕೆಳಗಿಳಿದು ಹೋಗುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಡಿಪೋಗೆ ಆಟೊ ಹಿಡಿದಳು.

ಎಸ್.ಎಸ್. ಬಡಾವಣೆಯ ಆ ಮನೆಯ ಮೇಲಂತಸ್ತಿನಲ್ಲಿ ಅವಳೂ ಅವಳ ಅತ್ತೆ ಕಾಳವ್ವನೂ ಬಾಡಿಗೆಗಿದ್ದರು. ಗಂಡ ಪರಶುರಾಮ್ ಬೋರ್‌ವೆಲ್ ಲಾರಿಯ ಡ್ರೈವರ್. ಮಳೆಗಾಲ ಬಿಟ್ಟರೆ ಮನೆಗೆ ಬರುವುದು ಅಪರೂಪ. ಆನಗೋಡಿನ ಹೊಲ ಮಾರಿ ಬಂದ ಮೇಲೆ ಕಾಳವ್ವ ಸಿಮೆಂಟಿನ ಮೇಲೆ ಕೂತು ಕೂತು ಮಂಕಾಗಿದ್ದಳು. ಅವಳಿಗಾಗಿಯೇ ರೇವತಿ ಪೇಂಟಿನ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ಮಣ್ಣು ತುಂಬಿ ಬದನೆ, ಮೆಣಸಿನಕಾಯಿ, ಬೆಂಡೆ, ದೊಡ್ಡಪತ್ರೆ ಹಾಕಿದ್ದು. ಬರಬರುತ್ತ ಅವು ತಾರಸಿಯ ಅರ್ಧ ತುಂಬಿದವು. ಕಾಳವ್ವ ಎದ್ದು ಓಡಾಡತೊಡಗಿದಳು. ಮೊದಲ ಬದನೆಕಾಯಿ ಕಿತ್ತ ದಿನ ಅತ್ತೆ ಅದನ್ನು ಸೆರಗಿನಲ್ಲಿ ಇಟ್ಟುಕೊಂಡು ಬೀದಿಗೆಲ್ಲ ತೋರಿಸಿ ಬಂದಿದ್ದು ರೇವತಿಗೆ ಮರೆತಿರಲಿಲ್ಲ.

ಔಷಧಿಯ ವಿಷಯಕ್ಕೆ ಕಾಳವ್ವನ ಹಟ ಸೊಸೆಗಿಂತ ದೊಡ್ಡದು. ಹರೆಯದಲ್ಲಿ ಅವಳು ಹತ್ತಿ ಬಿಡಿಸಲು ಕೂಲಿಗೆ ಹೋದವಳು. ಔಷಧಿ ಹೊಡೆದ ಮಾರನೆ ದಿನವೇ ಹೊಲಕ್ಕೆ ಇಳಿಸಿದ್ದರು. ಸಂಜೆಗೆ ವಾಂತಿ ಶುರುವಾಗಿ, ಕಣ್ಣು ಮಂಜಾಗಿ, ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದರು. "ಆ ವಾಸನೆ ಮೂಗಿಗೆ ಬಡಿದ್ರೆ ಈಗ್ಲೂ ಹೊಟ್ಟೆ ತೊಳಸ್ತೈತೆ," ಅನ್ನುತ್ತಿದ್ದಳು.

ಆದರೆ ಬೇಡ ಅನ್ನುವುದು ಸುಲಭ, ಹುಳ ಓಡಿಸುವುದು ಸುಲಭವಾಗಿರಲಿಲ್ಲ. ಮಾರನೆ ದಿನ ವಾರದ ರಜೆ. ರೇವತಿ ಬಟ್ಟೆ ಸೋಪಿನ ಪುಡಿಯನ್ನು ದಂಡಿಯಾಗಿ ಕಲಸಿ, ನಡು ಮಧ್ಯಾಹ್ನದ ಬಿಸಿಲಲ್ಲೇ ಗಿಡಗಳಿಗೆಲ್ಲ ಎರಚಿದಳು. ಸಂಜೆಗೆ ಬೆಂಡೆ ಎಲೆಗಳು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದವು. ಹುಳ ಹಾಗೇ ಇತ್ತು. ಅತ್ತೆ ಸುಟ್ಟ ಎಲೆಗಳನ್ನು ಆರಿಸಿ ಕಿತ್ತಳು. ರೇವತಿಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಹರಿಹರದಿಂದ ಹೂವಿನ ಬುಟ್ಟಿ ತರುವ ಅಮೀನಾಬೀ ಅವಳ ಬಸ್ಸಿನ ಕಾಯಂ ಪ್ರಯಾಣಿಕಳು. ನದಿಯ ಕಡೆಯ ಓಣಿಯಲ್ಲಿ ಮನೆ, ಮನೆ ಹಿಂದೆ ಗುಲಾಬಿ. ಮುಂದಿನ ಸೀಟಿನಲ್ಲಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕೂತವಳು ರೇವತಿಯ ಮುಖ ನೋಡಿಯೇ ಕೇಳಿದಳು. ರೇವತಿ ಟಿಕೆಟ್ ಹರಿದುಕೊಡುತ್ತಲೇ ಎಲ್ಲ ಹೇಳಿದಳು.

"ಬಿಸಿಲಾಗೆ ಯಾಕ ಹೊಡೆದ್ಯವ್ವ?" ಅಂದಳು ಅಮೀನಾಬೀ. "ಹೊತ್ತು ಮುಳುಗೋ ಹೊತ್ತಿಗೆ ಹೊಡಿಬೇಕು. ಬಟ್ಟೆ ಸೋಪು ಬ್ಯಾಡ. ಅಂಟವಾಳಕಾಯಿ ನೆನೆಸಿ ಕಿವುಚಿದ ನೀರು ತಗೋ, ಅದಕ್ಕೆ ಬೇವಿನ ಎಣ್ಣೆ ಒಂದೀಟು. ಜಾಸ್ತಿ ಹಾಕಿದ್ರೆ ಅದೂ ಸುಡ್ತೈತೆ. ಮೊದ್ಲು ಒಂದೇ ಎಲೆಗೆ ಹಚ್ಚಿ ಒಂದು ದಿನ ಬಿಟ್ಟು ನೋಡು."

"ಹೊಡೆದ್ರೂ ಮತ್ತೆ ಬರ್ತಾವಲ್ಲ."

"ಇರುವೆ ಅದಾವಾ ಗಿಡದಾಗೆ?"

ಇದ್ದವು. ಬದನೆಯ ಕಾಂಡದ ಮೇಲೆ ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದವು. ರೇವತಿ ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಇರುವೆನೇ ಅವನ್ನ ಸಾಕೋದು. ಹುಳ ಬಿಡೋ ಸಿಹಿ ನೆಕ್ಕಾಕೆ ಕಾವಲು ಕಾಯ್ತಾವೆ, ಹೊಸಾ ಕುಡಿಗೆ ಹೊತ್ಕೊಂಡು ಹೋಗಿ ಬಿಡ್ತಾವೆ. ಇರುವೆ ದಾರಿ ಕಟ್ಟು ಮೊದ್ಲು. ನನ್ನ ಅರ್ಧ ಗುಲಾಬಿ ಹೋದ ಮ್ಯಾಲೆ ನಂಗೆ ಇದು ಗೊತ್ತಾಗಿದ್ದು."

ಆ ಸಂಜೆಯಿಂದ ಅತ್ತೆ ಸೊಸೆ ಇಬ್ಬರೂ ಸೊಂಟ ಕಟ್ಟಿ ನಿಂತರು. ಹುಳ ಮುತ್ತಿದ ಕುಡಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಉಳಿದ ಗಿಡಗಳನ್ನು ಒಂದಕ್ಕೊಂದು ತಾಕದಂತೆ ದೂರ ಸರಿಸಿದರು. ಇರುವೆಗಳು ಎಲೆಯಿಂದ ಎಲೆಗೆ ದಾಟುತ್ತಿದ್ದವು, ಅದೂ ತಪ್ಪಿತು. ಕಾಂಡಕ್ಕೆ ಹಳೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಹರಳೆಣ್ಣೆ ದಪ್ಪಗೆ ಬಳಿದರು. ಬೆಳಿಗ್ಗೆ ಪೈಪಿನ ಬಾಯಿ ಬೆರಳಲ್ಲಿ ಒತ್ತಿ ಹಿಡಿದು ಎಲೆಗಳ ಅಡಿಗೆ ಜೋರು ನೀರು ಬಿಟ್ಟರು, ಸಂಜೆ ಬೇವಿನೆಣ್ಣೆಯ ನೀರನ್ನು ಎಲೆಯ ಹಿಂಬದಿಗೆ ತಲುಪುವಂತೆ ಸಿಂಪಡಿಸಿದರು. ಕಾಳವ್ವನಿಗೆ ಬೆನ್ನು ಬಗ್ಗುತ್ತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ತೊಟ್ಟು ಉಜ್ಜಿದಳು.

ಮಾಲೀಕನ ಹೆಂಡತಿ ಸುಧಾ ಇದನ್ನೆಲ್ಲ ನೋಡುತ್ತಿದ್ದಳು. ಅವಳದು ಅದೇ ತಾರಸಿಯ ಇನ್ನೊಂದು ಬದಿಯಲ್ಲಿ ಸಂಡಿಗೆಯ ಕೆಲಸ. ಬೇಸಿಗೆ ಬಂತೆಂದರೆ ಅಕ್ಕಿ ಸಂಡಿಗೆ, ಸಬ್ಬಕ್ಕಿ ಸಂಡಿಗೆ. ಹಳೆ ಪಂಚೆ ಹಾಸಿ, ಬೆಳಗಿನ ಜಾವ ಗಂಜಿ ಕಾಯಿಸಿ, ಬಿಸಿಲೇರುವ ಮೊದಲು ಇಟ್ಟು ಮುಗಿಸುತ್ತಿದ್ದಳು. ಕಾಳವ್ವ ಅವಳಿಗೆ ಕೈ ಜೋಡಿಸುತ್ತಿದ್ದಳು. ಸುಧಾಳ ಮಗಳು ಕೃತಿಕಾಳ ಮದುವೆ ನಿಶ್ಚಯವಾಗಿದ್ದರಿಂದ ಆ ವರ್ಷ ಬೀಗರ ಮನೆಗೆ ಕಳಿಸಲೂ ಸೇರಿಸಿ ದೊಡ್ಡ ಪ್ರಮಾಣದಲ್ಲೇ ಇಟ್ಟಿದ್ದಳು.

"ನಮ್ಮನೆಯವರು ಹೇಳಿದ್ರೆ ಕೇಳಂಗಿಲ್ಲ ರೇವತಿ," ಅಂದಳು ಸುಧಾ ಒಂದು ಬೆಳಿಗ್ಗೆ, ಸಂಡಿಗೆ ಒತ್ತುತ್ತ. "ನೀನೇ ಒಂಚೂರು ತಗ್ಗಿ ನಡೀ."

"ತಗ್ಗಿದ್ರೆ ಗಿಡ ಉಳೀತಾವಾ ಸುಧಕ್ಕ?"

ಸುಧಾ ಮುಂದಿನ ಸಂಡಿಗೆ ಒತ್ತಿದಳು.

ಶುಕ್ರವಾರದ ಹೊತ್ತಿಗೆ ಹುಳ ಎಷ್ಟೋ ಕಮ್ಮಿಯಾಗಿತ್ತು. ಇರುವೆಗಳ ಸಾಲು ಕಡಿದಿತ್ತು. ಆದರೆ ಶನಿವಾರ ಬೆಳಿಗ್ಗೆ ನೋಡಿದರೆ ನೀರಿನ ಟ್ಯಾಂಕಿನ ಪಕ್ಕದ ಬದನೆ ಗಿಡದಲ್ಲಿ ಹೊಸ ಬಿಳಿ ಹುಳಗಳು. ಮೊದಲಿನವಕ್ಕಿಂತ ದೊಡ್ಡವು, ಮೈತುಂಬ ಬಿಳಿ ನೂಲಿನ ಎಳೆಗಳು. ಬೇವಿನೆಣ್ಣೆಯ ಬಾಟಲಿಗೆ ಕೈ ಹಾಕಿದ ರೇವತಿ, ಸಿಂಪಡಿಸುವ ಮೊದಲು ಅಮೀನಾಬೀಗೆ ತೋರಿಸೋಣ ಅಂತ ಫೋನಿನಲ್ಲಿ ವೀಡಿಯೋ ತೆಗೆದಳು. ಹರಿಹರದ ಬಸ್ ನಿಲ್ದಾಣದಲ್ಲಿ ಅಮೀನಾಬೀ ಕನ್ನಡಕ ಮೇಲೇರಿಸಿ, ಫೋನು ಹತ್ತಿರ ಹಿಡಿದು ನೋಡಿದಳು.

"ಇದು ಓಡ್ತೈತಲ್ಲ," ಅಂದಳು.

"ಹ್ಞೂಂ, ಕಡ್ಡಿ ತಾಗಿಸಿದ್ರೆ ಸರಸರ ಹೋಗ್ತೈತೆ."

"ಹಂಗಾದ್ರೆ ಮುಟ್ಟಬ್ಯಾಡ. ಇದು ಹುಳ ತಿನ್ನೋ ಹುಳ. ಗುಲಗಂಜಿ ಹುಳದ ಜಾತಿದು, ಮರಿ ಇದ್ದಾಗ ಹಿಂಗೆ ಬೆಳ್ಳಗೆ ಇರ್ತೈತೆ. ಹೆಸರು ನಂಗೂ ಗೊತ್ತಿಲ್ಲ. ನಮ್ಮ ಗುಲಾಬಿಗೆ ಬಂದಾಗ ನಾನು ಉಜ್ಜಿ ಉಜ್ಜಿ ಸಾಯ್ಸಿದ್ದೆ, ಆಮೇಲೆ ಪಶ್ಚಾತ್ತಾಪ ಪಟ್ಟೆ. ನಿನ್ನ ಎಣ್ಣೆನೂ ನಿಲ್ಸು ಈಗ. ಅವು ತಮ್ಮ ಕೆಲಸ ತಾವು ಮಾಡ್ತಾವೆ."

ಭಾನುವಾರ ಅಂಜನಕುಮಾರ ಬೆಳಿಗ್ಗೆಯೇ ಮೇಲೆ ಬಂದ. ಸಾಲಾಗಿ ನೋಡುತ್ತ ಹೋದವನು ಟ್ಯಾಂಕಿನ ಪಕ್ಕ ನಿಂತುಬಿಟ್ಟ.

"ಏನಿದು? ಮೊದ್ಲಿಗಿಂತ ದಪ್ಪ ಆಗ್ಯಾವೆ."

"ಇವು ಬ್ಯಾರೆ ಅಣ್ಣಾರೆ. ಅವನ್ನ ತಿನ್ನೋವು. ನೋಡ್ರಿ, ಕಡ್ಡಿ ತಗೊಂಡು ಮುಟ್ಟಿ ನೋಡ್ರಿ. ಹಿಟ್ಟುತಿಗಣೆ ಆದ್ರೆ ಮುಟ್ಟಿದ್ರೂ ಕೂತಲ್ಲೇ ಕೂತಿರ್ತೈತೆ."

ಅವಳು ಕೊಟ್ಟ ಕಡ್ಡಿಯನ್ನು ಅವನು ತೆಗೆದುಕೊಳ್ಳಲಿಲ್ಲ. "ನಾನೇನು ಹುಡುಗನಾ, ಹುಳದ ಜೊತಿಗೆ ಆಟ ಆಡಾಕೆ? ಹುಳ ಹುಳನೇ," ಅಂದು ಇಳಿದು ಹೋದ.

ರೇವತಿ ತಾರಸಿಯ ಬಾಗಿಲಿಗೆ ಬೀಗ ಹಾಕಬೇಕೆಂದುಕೊಂಡಳು. ಆದರೆ ಸಂಡಿಗೆ ಒಣಗುತ್ತಿದ್ದುದರಿಂದ ಬಾಗಿಲು ತೆರೆದೇ ಇರಬೇಕಿತ್ತು. ಬೀಗದ ಕೈ ಇದ್ದದ್ದೂ ಸುಧಾಳ ಗೊಂಚಲಿನಲ್ಲಿ.

ಸೋಮವಾರ ಹರಿಹರದಿಂದ ವಾಪಸು ಬರುವಾಗ ಅತ್ತೆಯ ಫೋನು ಬಂತು. ಬಸ್ಸು ಸಂತೆಯಂತೆ ತುಂಬಿತ್ತು.

"ಬಂದಾನೆ ಅವನು, ಪಂಪು ತಗೊಂಡು. ನಾನು ಕುಂತೀನಿ."

"ಎಲ್ಲಿ ಕುಂತೀ ಅತ್ತಿ?"

"ಗಿಡದ ನಡುವೆ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಅತ್ತೆ ಎತ್ತಲಿಲ್ಲ. ಬಸ್ಸು ಬಿಟ್ಟು ಇಳಿಯುವಂತಿರಲಿಲ್ಲ. ನಿಲ್ದಾಣ ಬಂದ ಕೂಡಲೇ ರೇವತಿ ಕಂಟ್ರೋಲರ್ ಹತ್ತಿರ ಹೋಗಿ, ಮುಂದಿನ ಟ್ರಿಪ್ಪಿಗೆ ಬೇರೆಯವರನ್ನು ಹಾಕಿರಿ, ಮನೆಯಲ್ಲಿ ಅತ್ತೆಗೆ ತೊಂದರೆಯಾಗಿದೆ ಅಂದಳು. ಅವರು ಗೊಣಗಿದರು. ಅವಳು ಮೆಷಿನ್ನು, ಚೀಲ ಒಪ್ಪಿಸಿ ಹೊರಟೇಬಿಟ್ಟಳು.

ತಾರಸಿಯಲ್ಲಿ ಔಷಧಿಯ ವಾಸನೆ ಗಂಟಲಿಗೆ ಇಳಿಯುವಂತಿತ್ತು. ಮೆಟ್ಟಿಲ ಕಡೆಯ ಗಿಡಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ಕಡೆಯ ಬದನೆ ಗಿಡಗಳ ನಡುವೆ ಕಾಳವ್ವ ಕಾಲು ಚಾಚಿ, ಸೆರಗಿನಿಂದ ಮೂಗು ಬಾಯಿ ಮುಚ್ಚಿ, ಎರಡೂ ಕಡೆಯ ಡಬ್ಬಿಗಳನ್ನು ತಬ್ಬಿಕೊಂಡು ಕೂತಿದ್ದಳು. ನಿಂಗರಾಜ್ ಪಂಪನ್ನು ಕೆಳಗಿಟ್ಟು ದೂರ ನಿಂತಿದ್ದ.

"ಅಜ್ಜಿ ಮ್ಯಾಲೆ ಹೊಡಿಯಾಕೆ ಆಗಲ್ಲ ಸರ್," ಅನ್ನುತ್ತಿದ್ದ. "ಬೇಕಾದ್ರೆ ನೀವೇ ಹೊಡೀರಿ."

ಅಂಜನಕುಮಾರ ಪಂಪಿನ ಕಡೆ ನೋಡಲಿಲ್ಲ. "ಏಳಮ್ಮ, ಸಾಕು. ಐದು ನಿಮಿಷದ ಕೆಲಸ," ಅಂದ.

"ಏಳಲ್ಲ," ಅಂದಳು ಕಾಳವ್ವ ಸೆರಗಿನೊಳಗಿಂದ. "ನನ್ನ ಮ್ಯಾಲೇ ಹೊಡಿ. ಒಂದ್ಸಲ ಕುಡಿಸೀರಿ ಇದನ್ನ, ಇನ್ನೊಂದ್ಸಲ ಕುಡಿಸ್ರಿ."

ರೇವತಿ ಯಾರನ್ನೂ ಮಾತಾಡಿಸದೆ ಅತ್ತೆಯ ಹತ್ತಿರ ಹೋಗಿ ಹಣೆ ಮುಟ್ಟಿದಳು. ವಾಂತಿ ಬರುತ್ತಿದೆಯಾ ಕೇಳಿದಳು. ಇಲ್ಲ ಅಂತ ತಲೆಯಾಡಿಸಿದಳು ಕಾಳವ್ವ. ಎಬ್ಬಿಸಲು ಕೈ ಕೊಟ್ಟರೆ ಏಳಲಿಲ್ಲ. "ಪಂಪು ಮೊದ್ಲು ಇಳೀಲಿ," ಅಂದಳು. ರೇವತಿ ಅವಳ ಪಕ್ಕದಲ್ಲೇ, ಖಾಕಿ ಬಟ್ಟೆಯಲ್ಲೇ ಕೂತಳು.

ಆಗ ಸುಧಾ ಮೇಲೆ ಬಂದಳು. ಸಂಬಂಧಿಕರ ಮನೆಗೆ ಲಗ್ನಪತ್ರಿಕೆ ಕೊಡಲು ಹೋದವಳು ಆಗ ತಾನೇ ಬಂದಿದ್ದಳು. ಕೈಯಲ್ಲಿ ಇನ್ನೂ ಚೀಲ ಇತ್ತು. ಅವಳು ಯಾರನ್ನೂ ನೋಡದೆ ನೆಟ್ಟಗೆ ಪಂಚೆಗಳ ಹತ್ತಿರ ಹೋದಳು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಒಣಗಿ ಗರಿಗರಿಯಾಗಬೇಕಿದ್ದ ಸಂಡಿಗೆಗಳ ಮೇಲೆ ಸಣ್ಣ ಸಣ್ಣ ಹನಿ ಹೊಳೆಯುತ್ತಿದ್ದವು. ಒಂದನ್ನು ಎತ್ತಿ ಮೂಸಿದಳು.

"ಏನೂ ಆಗಲ್ಲ," ಅಂದ ಅಂಜನಕುಮಾರ. "ಬಿಸಿಲಿಗೆ ಹಾರಿ ಹೋಗ್ತೈತೆ. ಎಣ್ಣೆಗೆ ಹಾಕಿದ್ರೆ ಉಳಿದಿದ್ದೂ ಹೋಗ್ತೈತೆ."

ಸುಧಾ ಆ ಸಂಡಿಗೆಯನ್ನು ಅಂಗೈ ಮೇಲಿಟ್ಟುಕೊಂಡು ಗಂಡನ ಮುಂದೆ ಹಿಡಿದಳು.

"ಹಂಗಾದ್ರೆ ಈಗ್ಲೇ ಕರೀತೀನಿ. ಒಂದು ತಟ್ಟೆ ನೀವು ತಿನ್ನಿ. ಆಮೇಲೆ ಬೀಗರ ಮನೆಗೆ ಕಳಸ್ತೀನಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ತಿಂತೀರಾ ಇಲ್ಲಾ ಹೇಳ್ರಿ. ಬಾಣಲಿ ಇಡ್ತೀನಿ."

"ಏನ್ ಮಾತಾಡ್ತೀ ಸುಧಾ, ಎಲ್ಲರ ಎದುರಿಗೆ."

"ಎಲ್ಲರ ಎದುರಿಗೇ ಹೊಡಿಸಿದ್ರಲ್ಲ. ನಂಗೆ ಒಂದು ಮಾತು ಹೇಳಲಿಲ್ಲ. ಈ ಅವ್ವಾರು ಕೂತ ಮ್ಯಾಲೂ ನಿಲ್ಸಲಿಲ್ಲ." ದನಿ ಏರಿಸದೆಯೇ ಅವಳು ಪಂಪಿನವನ ಕಡೆ ತಿರುಗಿದಳು. "ನಿಂಗರಾಜ್, ಪಂಪು ಇಳ್ಸಪ್ಪ. ಈ ಮನೆ ಗೇಟಿನ ಒಳಗೆ ಇನ್ನೊಂದ್ಸಲ ತರಬ್ಯಾಡ. ಯಾರೇ ಕರೀಲಿ."

ನಿಂಗರಾಜ್ ಒಂದು ಕ್ಷಣವೂ ತಡಮಾಡಲಿಲ್ಲ. ಅವನ ಹಿಂದೆಯೇ ಅಂಜನಕುಮಾರನೂ ಇಳಿದ. ಸುಧಾ ಸೊಂಟದ ಗೊಂಚಲಿನಿಂದ ತಾರಸಿಯ ಬೀಗದ ಕೈ ಬಿಡಿಸಿ ರೇವತಿಯ ತೊಡೆಯ ಮೇಲೆ ಹಾಕಿದಳು. ಆಮೇಲೆ ಬಗ್ಗಿ, ನಾಲ್ಕೂ ಪಂಚೆಗಳನ್ನು ಸಂಡಿಗೆ ಸಮೇತ ಸುತ್ತಿ ಸುತ್ತಿ ಗೋಣಿಚೀಲಕ್ಕೆ ತುಂಬಿದಳು. ಕೊನೆಯ ಪಂಚೆ ಸುತ್ತುವಾಗ ಮಾತ್ರ ಅತ್ತಳು. ಕಾಳವ್ವ ಆಗ ತಾನಾಗಿ ಎದ್ದಳು, ಸುಧಾಳ ಬೆನ್ನ ಮೇಲೆ ಕೈ ಇಟ್ಟಳು.

ರೇವತಿ ಅತ್ತೆಗೆ ಸೋಪು ಹಚ್ಚಿ ತಲೆಯಿಂದ ಸ್ನಾನ ಮಾಡಿಸಿ, ಸೀರೆ ಬೇರೆ ನೆನೆಹಾಕಿ, ಆಟೊದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದಳು. ನಿಂಗರಾಜನಿಂದ ಔಷಧಿಯ ಖಾಲಿ ಬಾಟಲಿ ಕೇಳಿ ಇಸಿದುಕೊಂಡಿದ್ದಳು, ಅದನ್ನೇ ಡಾಕ್ಟರಿಗೆ ತೋರಿಸಿದಳು. ಅಪಾಯವಿಲ್ಲ, ರಾತ್ರಿ ಪೂರ್ತಿ ಗಮನಿಸಿ ಅಂದರು. ಮನೆಗೆ ಬರುವ ದಾರಿಯಲ್ಲಿ ಕಾಳವ್ವ ಕೇಳಿದ್ದು ಒಂದೇ, "ಆ ಟ್ಯಾಂಕಿನ ಕಡೆಯವು ಉಳೀತಾವಾ?"

ಉಳಿದವು. ಮೆಟ್ಟಿಲ ಕಡೆಯ ಗಿಡಗಳದ್ದು ಬೇರೆ ಕಥೆ. ಬೆಂಡೆ, ಮೆಣಸಿನ ಗಿಡಗಳನ್ನು ರೇವತಿ ಬೇರು ಸಮೇತ ಕಿತ್ತು ಎಸೆದಳು, ಒಂದು ಕಾಯಿಯನ್ನೂ ಒಳಗೆ ತರಲಿಲ್ಲ. ದೊಡ್ಡಪತ್ರೆಯೂ ಹೋಯಿತು. ಟ್ಯಾಂಕಿನ ಕಡೆ ಬಿಳಿ ನೂಲಿನ ಹುಳಗಳು ಕೆಲವು ದಿನ ಗಿಡವೆಲ್ಲ ತಿರುಗಾಡಿ, ಆಮೇಲೆ ಕಾಣೆಯಾದವು. ಅವುಗಳ ಜಾಗದಲ್ಲಿ ಕೆಂಪು ತಲೆಯ ಪುಟ್ಟ ಕಪ್ಪು ಗುಲಗಂಜಿ ಹುಳಗಳು ಕಂಡವು. ಬದನೆಯಲ್ಲಿ ಹಿಟ್ಟುತಿಗಣೆ ಹುಡುಕಿದರೂ ಸಿಗದಂತಾಯಿತು.

ಅಂಜನಕುಮಾರ ತನ್ನ ದಾಸವಾಳಕ್ಕೆ ಆ ಸೋಮವಾರ ತಾರಸಿ ಹತ್ತುವ ಮೊದಲೇ ಹೊಡೆಸಿದ್ದ. ಒಂದು ವಾರ ಗಿಡ ಚೊಕ್ಕಟವಾಗಿ ಕಂಡಿತು. ಆಮೇಲೆ ಹುಳ ಮೊದಲಿಗಿಂತ ದಟ್ಟವಾಗಿ ಮರಳಿತು. ಸುಧಾ ಅವನನ್ನು ಕೇಳಲಿಲ್ಲ. ಅವನು ಕಾಂಪೌಂಡಿನಲ್ಲಿ ಸ್ಕೂಟರ್ ಒರೆಸುತ್ತಿದ್ದಾಗಲೇ ಕತ್ತರಿ ತಂದು, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿದಳು. ರೇವತಿ ಕೆಳಗಿಳಿದು ಕಾಂಡಕ್ಕೆ ಪಟ್ಟಿ ಸುತ್ತಿ ಹರಳೆಣ್ಣೆ ಬಳಿದಳು. ಅವನು ಒರೆಸುವ ಬಟ್ಟೆ ಮಡಚಿಟ್ಟು, ಸ್ಕೂಟರ್ ಹತ್ತಿ ಹೋದ.

ಅವನೇನೂ ಬದಲಾಗಲಿಲ್ಲ. ರೇವತಿಯ ಜೊತೆ ಮಾತು ಬಿಟ್ಟ. ಮದುವೆಯ ಓಡಾಟ ಮುಗಿದ ಮೇಲೆ ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು, ಗೋಡೆಗೆ ಹೇಳುವಂತೆ ಹೇಳಿದ. "ದೀಪಾವಳಿಗೆ ಬಾಡಿಗೆ ಕರಾರು ಮುಗೀತೈತೆ. ಮುಂದಕ್ಕೆ ಬರಕೊಡೋದು ನನ್ನ ಇಷ್ಟ."

"ಆಗ್ಲಿ ಅಣ್ಣಾರೆ," ಅಂದಳು ರೇವತಿ.

ಮೇಲೆ ಹೋಗಿ, ಖಾಲಿಯಾದ ಡಬ್ಬಿಗಳ ಹಳೆ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಆಚೆ ಹಾಕಿದಳು. ಶಾಮನೂರಿನ ಕಡೆಯಿಂದ ತರಿಸಿದ್ದ ಕೆಮ್ಮಣ್ಣಿಗೆ ಸಗಣಿ ಗೊಬ್ಬರ, ಹಿಡಿ ಹಿಡಿ ಬೇವಿನ ಹಿಂಡಿ ಕಲಸಿದಳು. ಮೊದಲ ಮಳೆ ಬಿದ್ದು ಹೋಗಿತ್ತು, ಸಿಮೆಂಟು ಇನ್ನೂ ಒದ್ದೆಯಿತ್ತು. ಕಾಳವ್ವ ಸೆರಗಿನ ಗಂಟು ಬಿಚ್ಚಿ ಬೀಜ ತೆಗೆದಳು. ಚಪ್ಪರದ ಅವರೆ.

ಸುಧಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. "ಇದು ಕಾಯಿ ಬಿಡಾದು ಚಳಿಗಾಲಕ್ಕಲ್ಲ ರೇವತಿ? ಅಷ್ಟರಾಗೆ ಕರಾರು ಮುಗಿದಿರ್ತೈತೆ."

"ಮುಗೀಲಿ ಸುಧಕ್ಕ," ಅಂದಳು ರೇವತಿ, ಮಣ್ಣಿನಲ್ಲಿ ಬೆರಳಿಂದ ಕುಳಿ ಮಾಡುತ್ತ. "ಚಪ್ಪರಕ್ಕೆ ಬಿದಿರು ಎಲ್ಲಿ ಸಿಗ್ತೈತೆ ಹೇಳ್ರಿ. ಗಟ್ಟಿ ಬಿದಿರು ಬೇಕು, ಇದು ಬಾಳ ದೊಡ್ಡದಾಗಿ ಹಬ್ತೈತಂತೆ."